ಚಿತ್ರದ ಕೆಳಗೊಂದು ಹೆಸರು

ಮುಂಬಯಿಯ ಉಪನಗರಗಳಲ್ಲಿ ಬೆಳಗಿನ ವಾಯುಸಂಚಾರಕ್ಕೆ ಹೊರಡುವ ಎಷ್ಟೋ ಮಂದಿ ಈಗ ಹಕ್ಕಿ, ಚಿಟ್ಟೆ, ಹಲ್ಲಿಗಳ ಛಾಯಾಚಿತ್ರ ತೆಗೆಯುತ್ತಾರೆ. ಕೇಂದ್ರ ಸರ್ಕಾರದ ನೌಕರಿಯ ನಿಮಿತ್ತ ಊರೂರು ಸುತ್ತಿ ಇಲ್ಲಿಗೆ ಬಂದ ನಾನೂ ಅವರಲ್ಲೊಬ್ಬ. ವಸತಿಗೃಹಗಳ ಆವರಣ ಗೋಡೆಯ ಮೇಲಿನ ಓತಿಕೇತ, ದಾಸವಾಳಕ್ಕೆ ಬರುವ ಸೂರಕ್ಕಿ, ಮಳೆಗಾಲದ ಕಪ್ಪೆ ಇವೆಲ್ಲ ನನ್ನ ಮೊಬೈಲಿನಲ್ಲಿವೆ. ಈ ಹವ್ಯಾಸ ನಮ್ಮವರಲ್ಲಿ ಹರಡುತ್ತಿರುವುದು ಸಂತೋಷವೇ. ಆದರೆ ಚಿತ್ರ ತೆಗೆದಲ್ಲಿಗೆ ಕೆಲಸ ಮುಗಿಯಿತೇ?

ಸಲೀಂ ಅಲಿಯವರು ಬಾಲಕರಾಗಿದ್ದಾಗ ಏರ್‌ಗನ್ನಿನಿಂದ ಒಂದು ಗುಬ್ಬಿಯನ್ನು ಹೊಡೆದರು. ಅದರ ಕೊರಳಲ್ಲಿ ಹಳದಿ ಕಲೆಯಿತ್ತು. ಅದಾವ ಹಕ್ಕಿಯೆಂದು ಕೇಳಲು ಅವರು 1883ರಲ್ಲಿ ಸ್ಥಾಪನೆಯಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲು ತಟ್ಟಿದರು. ಭಾರತದ ಪಕ್ಷಿಶಾಸ್ತ್ರಕ್ಕೆ ಸಲೀಂ ಅಲಿ ದೊರೆತದ್ದು ಕೋವಿಯ ಗುರಿಯಿಂದಲ್ಲ, ‘ಇದರ ಹೆಸರೇನು?’ ಎಂಬ ಪ್ರಶ್ನೆಯಿಂದ. ಇಂದು ಕೋವಿಯ ಸ್ಥಾನಕ್ಕೆ ಕ್ಯಾಮೆರಾ ಬಂದು ಹಕ್ಕಿಯ ಪ್ರಾಣ ಉಳಿದಿದೆ. ಆದರೆ ಆ ಪ್ರಶ್ನೆಯೇ ಹುಟ್ಟದಿದ್ದರೆ ನಮ್ಮ ಚಿತ್ರವೂ ಹಳೆಯ ಬೇಟೆಗಾರರ ಗೋಡೆಯ ಮೇಲಿನ ಕೊಂಬಿನಂತೆ ಬರಿಯ ಅಲಂಕಾರ.

ಹೆಸರು ಯಾವ ಭಾಷೆಯಲ್ಲಿರಬೇಕು? ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಇಂಗ್ಲಿಷ್ ಹೆಸರು ಸುಲಭವಾಗಿ ಸಿಗುತ್ತದೆ. ಮೊಬೈಲೇ ಹೇಳಿಬಿಡುತ್ತದೆ. ಆದರೆ ಬೇಸಗೆಯ ಮಧ್ಯಾಹ್ನ ಆಲದ ಮರದಲ್ಲಿ ಟಂಕ್ ಟಂಕ್ ಎನ್ನುವ ಪುಟ್ಟ ಹಕ್ಕಿಗೆ ಕನ್ನಡದಲ್ಲಿ ಕಂಚುಗಾರ, ಮರಾಠಿಯಲ್ಲಿ ತಾಂಬಟ್, ಇಂಗ್ಲಿಷಿನಲ್ಲಿ ಕಾಪರ್‌ಸ್ಮಿತ್. ಮೂರು ಭಾಷೆಗಳೂ ಅದರ ದನಿಯಲ್ಲಿ ಲೋಹ ಬಡಿಯುವ ಸುತ್ತಿಗೆಯನ್ನೇ ಕೇಳಿವೆ. ಕೆಂಬೂತದ ಕಥೆ ಬೇರೆ. ನವಿಲನ್ನು ಕಂಡು ಪುಕ್ಕ ಕೆದರಿತೆಂದು ನಮ್ಮ ಗಾದೆ ಅದನ್ನು ನಗೆಪಾಟಲು ಮಾಡಿದೆ. ಅದೇ ಹಕ್ಕಿ ಮರಾಠಿಗರಿಗೆ ಭಾರದ್ವಾಜ, ಅದರ ದರ್ಶನ ಶುಭಶಕುನ. ನಮ್ಮ ಮಕ್ಕಳು ಗಾದೆಯನ್ನು ಪುಸ್ತಕದಲ್ಲಿ ಓದುತ್ತಾರೆ, ಹಕ್ಕಿಯನ್ನು ಬೇಲಿಯಲ್ಲಿ ಕಾಣುತ್ತಾರೆ. ಎರಡೂ ಒಂದೇ ಎಂದು ಹೇಳುವವರಿಲ್ಲ. ಹೊರನಾಡಿನಲ್ಲಿ ಭಾಷೆ ಸವೆಯುವುದು ಹೀಗೆ, ಒಂದೊಂದೇ ಹೆಸರಾಗಿ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಚಿತ್ರ ತೆಗೆದುದಲ್ಲದೆ ಅವುಗಳ ಬಗ್ಗೆ ಕನ್ನಡದಲ್ಲಿ ಬರೆದರೆಂಬುದನ್ನು ನಾವು ಮರೆಯಬಾರದು.

ಹೆಸರಿಗೆ ಇನ್ನೊಂದು ಬಲವೂ ಉಂಟು. ಸರ್ಕಾರಿ ಕಡತಗಳ ನಡುವೆ ಬದುಕು ಕಳೆದ ನಾನು ಬಲ್ಲೆ: ಏನೂ ದಾಖಲಾಗದ ಜಾಗವನ್ನು ‘ಖಾಲಿ ನಿವೇಶನ’ವೆಂದು ಬರೆಯುವುದು ಬಹಳ ಸುಲಭ. 2019ರ ಅಕ್ಟೋಬರಿನಲ್ಲಿ ಆರೇ ಕಾಲೋನಿಯಲ್ಲಿ ಮೆಟ್ರೋ ಶೆಡ್ಡಿಗಾಗಿ ಎರಡು ಸಾವಿರಕ್ಕೂ ಹೆಚ್ಚು ಮರಗಳು ಉರುಳಿದವು. ಅದು ಕಾಡು ಹೌದೋ ಅಲ್ಲವೋ ಎಂಬುದೇ ಅಂದಿನ ವಾದದ ತಿರುಳಾಗಿತ್ತು. ಅಲ್ಲಿ ಯಾವ ಜೀವಿಗಳಿವೆ ಎಂಬ ಸಾಕ್ಷ್ಯದ ಬೆಲೆ ಅರಿವಾಗುವುದು ಇಂಥ ಹೊತ್ತಿನಲ್ಲೇ. 2021ರಲ್ಲಿ ಥಾಣೆ ಜಿಲ್ಲೆಯಲ್ಲಿ ಸಿಕ್ಕಿದ ಜಿಗಿಯುವ ಜೇಡವೊಂದು ವಿಜ್ಞಾನಕ್ಕೇ ಹೊಸದೆಂದು ತಿಳಿಯಿತು. 2008ರ ದಾಳಿಯಲ್ಲಿ ಕಸಬ್‌ನನ್ನು ಹಿಡಿದು ಪ್ರಾಣತೆತ್ತ ಪೊಲೀಸ್ ತುಕಾರಾಂ ಓಂಬಳೆಯವರ ನೆನಪಿಗೆ ಅದನ್ನು ‘ಇಸಿಯಸ್ ತುಕಾರಾಮಿ’ ಎಂದು ಕರೆದರು. ಒಂದು ನಗರ ತನ್ನ ವೀರನಿಗೆ ಸಲ್ಲಿಸಿದ ಗೌರವ ಜೇಡದ ಬೆನ್ನೇರಿ ಉಳಿಯಿತು.

ಹಾಗೆಂದು ಚಿತ್ರದ ಹಂಬಲ ಜೀವಿಗೆ ಉಪದ್ರವವಾಗಬಾರದು. ಗೂಡಿನ ಬಳಿ ಸುಳಿಯುವುದು, ಧ್ವನಿಮುದ್ರಿಕೆಯಿಂದ ಹಕ್ಕಿಯನ್ನು ಕರೆಯುವುದು ಸಲ್ಲ. ನೂರು ಚದರ ಕಿಲೋಮೀಟರಿಗೂ ಮಿಕ್ಕ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ಚಿರತೆ ಕಂಡರೆ ಆ ಚಿತ್ರವನ್ನು ಊರಿಗೆಲ್ಲ ಹಂಚಿ ಭೀತಿ ಹಬ್ಬಿಸುವುದಂತೂ ಸಲ್ಲವೇ ಸಲ್ಲ.

ನಾನು ಸೂಚಿಸುವುದಿಷ್ಟೇ. ನಮ್ಮ ಸಂಘಗಳು ರಾಜ್ಯೋತ್ಸವದಂದು ಭುವನೇಶ್ವರಿಯ ಪಟದ ಜೊತೆಗೆ ಸದಸ್ಯರು ತೆಗೆದ ಇಂಥ ಚಿತ್ರಗಳನ್ನೂ ಇಡಲಿ. ಪ್ರತಿಯೊಂದರ ಕೆಳಗೆ ಕನ್ನಡದ ಹೆಸರು, ಮರಾಠಿಯ ಹೆಸರು, ಕಂಡ ಸ್ಥಳ, ದಿನಾಂಕ ಇರಲಿ. ಕನ್ನಡದ ಹೆಸರನ್ನು ಮನೆಯ ಹಿರಿಯರಿಂದ ಕೇಳಬೇಕು, ಮರಾಠಿಯದನ್ನು ನೆರೆಯವರಿಂದ. ಅನ್ನ ಕೊಟ್ಟ ನೆಲವನ್ನು ಅರಿಯದೆ ಹೆತ್ತ ನುಡಿಯನ್ನಷ್ಟೇ ಹಾಡಿ ಹೊಗಳುವುದು ಅರ್ಧ ಅಭಿಮಾನ. ಎರಡನ್ನೂ ಒಂದೇ ಚಿತ್ರದ ಕೆಳಗೆ ಬರೆಯಲು ನಮ್ಮ ಮಕ್ಕಳಿಗೆ ಬರುವುದಾದರೆ ಹೊರನಾಡಿನಲ್ಲಿ ಕನ್ನಡದ ಬೇರು ಅಷ್ಟು ಬೇಗ ಒಣಗದು.