ಮಂಗೋರ್ ಹಿಲ್: ಗಾಡಿ ಕಲಿಯುವವನ ಕೈಯಲ್ಲಿ, ಹೊಣೆ ಕಲಿಸುವವನ ಮೇಲೆ

ಮಂಗೋರ್ ಹಿಲ್ (ವಾಸ್ಕೋ): ದುಡಿಯಲು ಗೋವಾಕ್ಕೆ ಬಂದ ಕನ್ನಡ ಕುಟುಂಬಗಳಿಗೆ ಗಾಡಿ ಈಗ ಶೋಕಿಯಲ್ಲ, ಹೊಟ್ಟೆಪಾಡು. ವೆರ್ಣಾದ ಕಾರ್ಖಾನೆ ಪಾಳಿಯಿರಲಿ, ಮುರಗಾಂವ ಬಂದರಿನ ಕೆಲಸವಿರಲಿ, ಗಾಡಿ ಇಲ್ಲದೆ ನಡೆಯದು. ಮನೆಗೆ ಗಾಡಿ ಬಂತು ಅಂದ್ರೆ ಹುಡುಗರು ಕಲಿಯಲೇಬೇಕು. ಕಲಿಸುವವರು ಅಣ್ಣ, ಮಾಮಾ, ಇಲ್ಲವೇ ಪಕ್ಕದ ಮನೆಯ ಗೆಳೆಯ. 'ಬ್ರೇಕ್ ಇಲ್ಲೈತಿ, ಗೇರ್ ಇಲ್ಲೈತಿ, ಹೊಡಿ' ಎಂಬಲ್ಲಿಗೆ ಪಾಠ ಮುಗಿಯುತ್ತದೆ. ಉಳಿದದ್ದನ್ನು ಇಳಿಜಾರು ಕಲಿಸುತ್ತದೆ. ಅಪಾಯ ಇರುವುದೇ ಇಲ್ಲಿ.

ಕಾನೂನು ಹೇಳುವುದೇನು?

ಕಲಿಕಾ ಲೈಸೆನ್ಸ್ (ಎಲ್‌ಎಲ್‌ಆರ್) ಅವಧಿ 6 ತಿಂಗಳು. ಅದು ಸಿಕ್ಕ 30 ದಿನಗಳ ನಂತರ ಪಕ್ಕಾ ಲೈಸೆನ್ಸ್‌ನ ಪರೀಕ್ಷೆಗೆ ಹೋಗಬಹುದು. ಅಲ್ಲಿಯವರೆಗೆ ಗಾಡಿಯ ಹಿಂದೆ, ಮುಂದೆ ಬಿಳಿ ಹಲಗೆಯ ಮೇಲೆ ಕೆಂಪು 'ಎಲ್' ಅಕ್ಷರ ಇರಬೇಕು. ಕಾರಿನಲ್ಲಿ ಲೈಸೆನ್ಸ್ ಇರುವವರು ಪಕ್ಕದಲ್ಲಿ, ಗಾಡಿ ನಿಲ್ಲಿಸಲು ಕೈಗೆಟಕುವಂತೆ ಕೂತಿರಬೇಕು. ಬೈಕ್ ಕಲಿಯುವವರು ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸುವಂತಿಲ್ಲ.

'ಗೇರ್ ಇಲ್ಲದ ಸ್ಕೂಟರ್ ತಾನೆ, ಹುಡುಗ ಹೊಡೀಲಿ ಬಿಡು' ಎನ್ನುವವರೇ ಹೆಚ್ಚು. 16 ವರ್ಷಕ್ಕೆ ಅನುಮತಿ ಇರುವುದು 50 ಸಿಸಿ ಒಳಗಿನ ಗಾಡಿಗೆ ಮಾತ್ರ. ಇಂದು ಮನೆಮನೆಯಲ್ಲಿರುವುದು 100 ಸಿಸಿ ದಾಟಿದ ಸ್ಕೂಟರ್. ಅದಕ್ಕೆ 18 ತುಂಬಿರಲೇಬೇಕು. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ವಯಸ್ಕ ತಪ್ಪು ಮಾಡಿದರೆ ಪಾಲಕರಿಗೆ ಅಥವಾ ಗಾಡಿ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25 ಸಾವಿರ ರೂ. ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷದವರೆಗೆ ಲೈಸೆನ್ಸ್ ಇಲ್ಲ. 'ನಮಗೆ ಗೊತ್ತಿರಲಿಲ್ಲ' ಎಂದರೆ ಸಾಲದು, ಅದನ್ನು ಮನೆಯವರೇ ಸಾಬೀತು ಮಾಡಬೇಕು.

ವಿಮೆಯ ಲೆಕ್ಕವೂ ಇದೆ. ಕಲಿಕಾ ಲೈಸೆನ್ಸ್ ಕೂಡ ಲೈಸೆನ್ಸೇ ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿದೆ. ಅದೂ ಇಲ್ಲದವನ ಕೈಗೆ ಗೊತ್ತಿದ್ದೂ ಗಾಡಿ ಕೊಟ್ಟರೆ, ಗಾಯಾಳುವಿಗೆ ಕಂಪನಿ ಕೊಟ್ಟ ಪರಿಹಾರ ಕೊನೆಗೆ ಮಾಲೀಕನಿಂದಲೇ ವಸೂಲಾಗಬಹುದು. ಊರಲ್ಲಿ ಮನೆ ಕಟ್ಟಲು ಕೂಡಿಟ್ಟ ದುಡ್ಡು ಒಂದೇ ಪೆಟ್ಟಿಗೆ ಹೋದಂತೆ.

ಗುಡ್ಡದ ಪಾಠ ಬೇರೆ

ಮೊದಲ ಪಾಠ ಏರಿನಲ್ಲಿ ಬೇಡ. ಸಪಾಟು ಮೈದಾನದಲ್ಲಿ, ಬೆಳಗಿನ ಹೊತ್ತು, ಮೊದಲು ನಿಲ್ಲಿಸುವುದನ್ನು ಕಲಿಸಬೇಕು. ಓಡಿಸುವುದು ಆಮೇಲೆ. ಏರಿನಲ್ಲಿ ನಿಂತ ಕಾರು ಹಿಂದೆ ಜಾರದಂತೆ ಹ್ಯಾಂಡ್‌ಬ್ರೇಕ್ ಹಿಡಿದು, ಕ್ಲಚ್ ನಿಧಾನ ಬಿಟ್ಟು, ಗಾಡಿ ಎಳೆಯತೊಡಗಿದ ಮೇಲೆ ಬ್ರೇಕ್ ಬಿಡುವುದು ಎರಡನೇ ಹಂತ. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವ ಚಾಳಿಯನ್ನಂತೂ ಯಾರೂ ಹೇಳಿಕೊಡಬಾರದು. ಎಂಜಿನ್ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕ್ ಮೇಲೆ ಬೀಳುತ್ತದೆ. ಜೂನ್‌ನ ಮೊದಲ ಮಳೆಗೆ ರಸ್ತೆ ಎಣ್ಣೆ ಸವರಿದಂತಾಗುತ್ತದೆ, ಆ ದಿನಗಳಲ್ಲಿ ಹೊಸಬರಿಗೆ ರಜೆ ಕೊಡುವುದೇ ಒಳ್ಳೆಯದು.

ಹಿಂದಿನವರದ್ದೂ ಪಾಲು

'ಎಲ್' ಬೋರ್ಡ್ ಕಂಡೊಡನೆ ಹಾರ್ನ್ ಒತ್ತುವುದು ಸುಲಭ. ಹಾರ್ನ್‌ಗೆ ಗಾಬರಿಯಾದ ಹೊಸಬ ಕ್ಲಚ್ ಬಿಟ್ಟರೆ ಗಾಡಿ ಬಂದ್, ಏರಿನಲ್ಲಾದರೆ ನೇರ ಹಿಂದಕ್ಕೆ. ಹಾಗಾಗಿ ಹಿಂದಿನವರು ಒಂದು ಕಾರಿನಷ್ಟಾದರೂ ಜಾಗ ಬಿಟ್ಟು ನಿಲ್ಲಬೇಕು. ಕಿರಿದಾದ ಏರುರಸ್ತೆಯಲ್ಲಿ ಇಳಿಯುವವರು ನಿಂತು, ಹತ್ತುವವರಿಗೆ ದಾರಿ ಕೊಡಬೇಕೆಂಬುದೂ ನಿಯಮವೇ. ಪೈಲಟ್ ಬೈಕ್‌ನವರಿಂದ ಟ್ರಕ್‌ನವರವರೆಗೆ ಎಲ್ಲರಿಗೂ ಇದು ಅನ್ವಯ.

ಆಧಾರ್, ರೇಷನ್ ಕಾರ್ಡ್ ಎಲ್ಲ ಊರಲ್ಲೇ ಐತಿ ಎಂಬುದು ಲೈಸೆನ್ಸ್ ಇಲ್ಲದಿರಲು ನೆಪವಾಗಬಾರದು. ವಾಸವಿರುವ ಅಥವಾ ಕೆಲಸ ಮಾಡುವ ರಾಜ್ಯದಲ್ಲೇ ಅರ್ಜಿ ಹಾಕಲು ಕಾಯ್ದೆ ಅವಕಾಶ ಕೊಟ್ಟಿದೆ. ಊರಲ್ಲಿ ಮಾಡಿಸಿದ ಲೈಸೆನ್ಸ್ ದೇಶಕ್ಕೆಲ್ಲ ನಡೆಯುತ್ತದೆ. ಟ್ಯಾಕ್ಸಿ, ಟ್ರಕ್ ಲೈಸೆನ್ಸ್‌ಗೆ ಇದ್ದ 8ನೇ ತರಗತಿ ಪಾಸ್ ಷರತ್ತನ್ನೂ 2019ರಲ್ಲಿ ತೆಗೆಯಲಾಗಿದೆ. ಶಾಲೆ ಬಿಟ್ಟ ಹುಡುಗರಿಗೂ ಸ್ಟೇರಿಂಗ್ ಹಿಡಿದು ಬದುಕು ಕಟ್ಟಿಕೊಳ್ಳುವ ದಾರಿ ತೆರೆದಿದೆ. ಆ ದಾರಿ ಶುರುವಾಗುವುದು ಅಣ್ಣ ಕಲಿಸುವ ಮೊದಲ ಪಾಠದಿಂದ. ಒಂದು ತಿಂಗಳು ಹೆಚ್ಚು ಹಿಡಿದರೂ ಚಿಂತೆಯಿಲ್ಲ, ಆ ಪಾಠ ನೆಟ್ಟಗಿರಬೇಕು.