ಪುಟ್ಟ ಪೆಟ್ಟಿಗೆಯ ಬಿಸಿ ಲೆಕ್ಕ

ಪರೀಕ್ಷೆ ಮುಗಿದು ರಜೆ ಬಂತೆಂದರೆ ಹಲವು ಮನೆಗಳಲ್ಲಿ ಒಂದು ವಾದ ಶುರುವಾಗುತ್ತದೆ. ಮಗನಿಗೋ ಮಗಳಿಗೋ ಗೇಮ್ ಆಡಲು ಬಲವಾದ ಕಂಪ್ಯೂಟರ್ ಬೇಕು. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವುದು ಬೇಡ, ಬಿಡಿಭಾಗಗಳನ್ನು ತಂದು ತಾವೇ ಜೋಡಿಸಬೇಕು. ಮೇಜಿನ ಕೆಳಗೆ ನಿಲ್ಲುವ ಎತ್ತರದ ಡಬ್ಬವೂ ಬೇಡ. ಪುಸ್ತಕಗಳ ಪಕ್ಕದಲ್ಲಿ ಕೂರುವಂಥ, ಹಾಸ್ಟೆಲಿಗೆ ಹೋಗುವಾಗ ಚೀಲದಲ್ಲಿ ಒಯ್ಯಬಹುದಾದಂಥ ಪುಟ್ಟ ಪೆಟ್ಟಿಗೆಯಾಗಬೇಕು. ತಂದೆ ತಾಯಿಯರ ಕಣ್ಣಿಗೆ ಬೀಳುವುದು ಎರಡೇ ಸಂಗತಿ: ಆಟ ಮತ್ತು ಖರ್ಚು. ಎರಡೂ ನಿಜವೇ. ಆದರೆ ಆ ಪೆಟ್ಟಿಗೆಯೊಳಗೆ ಮೂರನೆಯ ಸಂಗತಿಯೊಂದಿದೆ. ಅದು ಪ್ರೌಢಶಾಲೆಯಲ್ಲಿ ಕಲಿಯುವ ಉಷ್ಣದ ಪಾಠ. ಆ ಪಾಠವನ್ನು ಮರೆತು ಹಣ ಸುರಿದರೆ, ಕೊಂಡ ಬಲದಲ್ಲಿ ಒಂದು ಪಾಲು ಬಳಕೆಗೇ ಬಾರದೆ ಹೋಗುತ್ತದೆ.

ಎಷ್ಟು ಪುಟ್ಟದು?

ಸಾಮಾನ್ಯ ಗಣಕದ ಮುಖ್ಯ ಫಲಕ, ಅಂದರೆ ಮದರ್‌ಬೋರ್ಡ್, 30.5 ಸೆಂಟಿಮೀಟರ್ ಉದ್ದ, 24.4 ಸೆಂಟಿಮೀಟರ್ ಅಗಲ ಇರುತ್ತದೆ. ತೈವಾನಿನ ವಿಯಾ ಕಂಪನಿ 2001ರಲ್ಲಿ 17 ಸೆಂಟಿಮೀಟರ್ ಚೌಕದ ಫಲಕವೊಂದನ್ನು ರೂಪಿಸಿ ಅದಕ್ಕೆ ಮಿನಿ-ಐಟಿಎಕ್ಸ್ ಎಂದು ಹೆಸರಿಟ್ಟಿತು. ಅದರ ವಿಸ್ತೀರ್ಣ ದೊಡ್ಡ ಫಲಕದ ಐದರಲ್ಲಿ ಎರಡು ಪಾಲಿಗಿಂತಲೂ ಕಡಿಮೆ. ಮೊದಲಿಗೆ ಅದು ಕಡಿಮೆ ವಿದ್ಯುತ್ತು ಬಳಸುವ ಸಣ್ಣ ಕೆಲಸಗಳ ಯಂತ್ರಗಳಿಗಾಗಿ ಹುಟ್ಟಿದ್ದು. ಮುಂದೆ ಹವ್ಯಾಸಿಗಳು ಅದರ ಮೇಲೆಯೇ ಬಲಿಷ್ಠ ಪ್ರೊಸೆಸರ್ ಕೂರಿಸತೊಡಗಿದರು. 2016ರ ಹೊತ್ತಿಗೆ ಜರ್ಮನಿಯ ಡ್ಯಾನ್ ಕೇಸಸ್ ಎಂಬ ಸಣ್ಣ ಸಂಸ್ಥೆ, ಏಳು ಲೀಟರಿಗೆ ತುಸು ಹೆಚ್ಚು ಗಾತ್ರದ ಪೆಟ್ಟಿಗೆಯಲ್ಲಿ ಪೂರ್ಣ ಉದ್ದದ ಗ್ರಾಫಿಕ್ಸ್ ಕಾರ್ಡನ್ನು ಕೂರಿಸಬಹುದೆಂದು ತೋರಿಸಿತು. ಫಲಕ ಒಂದು ಕಡೆ, ಕಾರ್ಡು ಅದರ ಬೆನ್ನಿಗೆ ಇನ್ನೊಂದು ಕಡೆ. ನಡುವೆ ಸಂಪರ್ಕಕ್ಕೆ ಪಟ್ಟಿಯಂಥ ಒಂದು ಕೇಬಲ್. ಸಾಮಾನ್ಯ ಗಣಕದ ಡಬ್ಬ ಇಪ್ಪತ್ತು ಲೀಟರಿನ ಎರಡು ನೀರಿನ ಕ್ಯಾನುಗಳಷ್ಟಿದ್ದರೆ, ಇದು ಒಂದು ದೊಡ್ಡ ಪ್ರೆಷರ್ ಕುಕ್ಕರಿನಷ್ಟು!

ವಿದ್ಯುತ್ತೆಲ್ಲ ಎಲ್ಲಿ ಹೋಗುತ್ತದೆ?

ಪಂಪು ವಿದ್ಯುತ್ತನ್ನು ಬಳಸಿ ನೀರನ್ನು ಮೇಲೆತ್ತುತ್ತದೆ. ಗಿರಣಿ ಹಿಟ್ಟು ಬೀಸುತ್ತದೆ. ಗಣಕ ಯಾವ ಭಾರವನ್ನೂ ಎತ್ತುವುದಿಲ್ಲ. ಶಕ್ತಿ ನಾಶವಾಗುವುದಿಲ್ಲ, ರೂಪ ಬದಲಿಸುತ್ತದೆ ಎಂಬ ನಿಯಮ ಇಲ್ಲಿ ಬಹಳ ನೇರವಾಗಿ ಅನ್ವಯಿಸುತ್ತದೆ: ಗಣಕದ ಪೆಟ್ಟಿಗೆ ಒಳಗೆಳೆದುಕೊಳ್ಳುವ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿಯಾಗಿ ಬಿಸಿಯಾಗಿ ಮಾರ್ಪಡುತ್ತದೆ.

ಇದು ಒಂದು ಕಾಲದಲ್ಲಿ ದೊಡ್ಡ ಸಮಸ್ಯೆಯಾಗಿರಲಿಲ್ಲ. ಟ್ರಾನ್ಸಿಸ್ಟರನ್ನು ಚಿಕ್ಕದಾಗಿಸಿದಂತೆ ಅದಕ್ಕೆ ಬೇಕಾದ ವೋಲ್ಟೇಜು ಮತ್ತು ವಿದ್ಯುತ್ ಪ್ರವಾಹ ಎರಡನ್ನೂ ಅದೇ ಪ್ರಮಾಣದಲ್ಲಿ ಇಳಿಸಬಹುದು, ಹೀಗಾಗಿ ಚಿಪ್ಪಿನ ಪ್ರತಿ ಚದರ ಮಿಲಿಮೀಟರಿನ ಬಿಸಿ ಏರುವುದಿಲ್ಲ ಎಂದು ಐಬಿಎಂ ಕಂಪನಿಯ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ತೋರಿಸಿದ್ದರು. ಮೂವತ್ತು ವರ್ಷ ಈ ಸೂತ್ರ ಉದ್ಯಮವನ್ನು ನಡೆಸಿತು. 2005ರ ಆಸುಪಾಸಿನಲ್ಲಿ ಅದು ಕೈಕೊಟ್ಟಿತು. ವೋಲ್ಟೇಜನ್ನು ಇನ್ನಷ್ಟು ಇಳಿಸಿದರೆ ಟ್ರಾನ್ಸಿಸ್ಟರುಗಳು ಮುಚ್ಚಿದ್ದಾಗಲೂ ಸೋರತೊಡಗುತ್ತವೆ. ಅಂದಿನಿಂದ ಬಲ ಹೆಚ್ಚಿಸುವುದೆಂದರೆ ಬಿಸಿಯನ್ನೂ ಹೆಚ್ಚಿಸುವುದು ಎಂದಾಯಿತು. ಎನ್‌ವಿಡಿಯಾ ಕಂಪನಿಯ ಗ್ರಾಫಿಕ್ಸ್ ಕಾರ್ಡುಗಳನ್ನೇ ನೋಡಿ: 2016ರ ಜಿಟಿಎಕ್ಸ್ 1080ಕ್ಕೆ 180 ವಾಟ್, 2022ರ ಆರ್‌ಟಿಎಕ್ಸ್ 4090ಕ್ಕೆ 450 ವಾಟ್, 2025ರ ಆರ್‌ಟಿಎಕ್ಸ್ 5090ಕ್ಕೆ 575 ವಾಟ್.

ಅಷ್ಟು ದೊಡ್ಡ ಕಾರ್ಡು ಬೇಡವೆಂದು 250 ವಾಟಿನ ಕಾರ್ಡನ್ನು ಆರಿಸಿದರೂ, ಪ್ರೊಸೆಸರ್ ಮತ್ತು ಉಳಿದ ಭಾಗಗಳೆಲ್ಲ ಸೇರಿ ಆಟದ ಸಮಯದಲ್ಲಿ ಒಟ್ಟು 450 ವಾಟ್ ತಲುಪಬಹುದು. ಮನೆಯ 750 ವಾಟಿನ ಇಸ್ತ್ರಿಪೆಟ್ಟಿಗೆಯ ಅರ್ಧಕ್ಕಿಂತ ಹೆಚ್ಚು ಬಿಸಿ ಅದು. ಇಸ್ತ್ರಿಪೆಟ್ಟಿಗೆ ಕಾದೊಡನೆ ತಾನೇ ಆರುತ್ತದೆ. ಆಟ ಗಂಟೆಗಟ್ಟಲೆ ಸಾಗುತ್ತದೆ.

ಗಾಳಿಯ ಲೆಕ್ಕ

ಈ ಬಿಸಿಯನ್ನು ಹೊರಗೆ ಹೊತ್ತೊಯ್ಯಬೇಕಾದ್ದು ಗಾಳಿ. ಎಷ್ಟು ಗಾಳಿ ಬೇಕು? ವಿಶಿಷ್ಟೋಷ್ಣ ಕಲಿತ ಯಾವ ವಿದ್ಯಾರ್ಥಿಯೂ ಇದನ್ನು ಲೆಕ್ಕ ಹಾಕಬಹುದು.

ಒಂದು ಲೀಟರ್ ಗಾಳಿಯ ತೂಕ ಸುಮಾರು 1.2 ಗ್ರಾಂ. ಒಂದು ಗ್ರಾಂ ಗಾಳಿಯ ತಾಪವನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು ಒಂದು ಜೂಲ್ ಬೇಕು. ಆದ್ದರಿಂದ ಒಂದು ಲೀಟರ್ ಗಾಳಿ 15 ಡಿಗ್ರಿ ಬಿಸಿಯಾಗಿ ಹೊರಹೋದರೆ ತನ್ನೊಂದಿಗೆ 18 ಜೂಲ್ ಒಯ್ಯುತ್ತದೆ. 450 ವಾಟ್ ಎಂದರೆ ಸೆಕೆಂಡಿಗೆ 450 ಜೂಲ್. ಇದನ್ನು 18ರಿಂದ ಭಾಗಿಸಿದರೆ ಉತ್ತರ 25. ಅಂದರೆ ಪ್ರತಿ ಸೆಕೆಂಡಿಗೆ 25 ಲೀಟರ್ ಗಾಳಿ ಪೆಟ್ಟಿಗೆಯನ್ನು ಹಾದುಹೋಗಬೇಕು. ಪೆಟ್ಟಿಗೆಯ ಗಾತ್ರ ಹತ್ತು ಲೀಟರ್ ಎಂದುಕೊಂಡರೆ, ಅದರೊಳಗಿನ ಗಾಳಿಯೆಲ್ಲ ಸೆಕೆಂಡಿಗೆ ಎರಡೂವರೆ ಬಾರಿ ಹೊಸದಾಗಬೇಕು! ಸುಮ್ಮನೆ ಕುಳಿತ ಮನುಷ್ಯ ಒಂದು ಉಸಿರಿಗೆ ಎಳೆದುಕೊಳ್ಳುವುದು ಸುಮಾರು ಅರ್ಧ ಲೀಟರ್. ಈ ಪೆಟ್ಟಿಗೆ ಸೆಕೆಂಡಿಗೆ ಅಂಥ ಐವತ್ತು ಉಸಿರು ಎಳೆಯಬೇಕು.

ಜಾಲರಿ ಚಿಕ್ಕದಾಗಿಯೋ, ಕೇಬಲುಗಳು ಅಡ್ಡ ಬಂದೋ, ಧೂಳು ಕಟ್ಟಿಯೋ ಗಾಳಿ ಅರ್ಧಕ್ಕೆ ಇಳಿದರೆ ತಾಪದ ಏರಿಕೆ ಇಮ್ಮಡಿಯಾಗುತ್ತದೆ, ಅಂದರೆ 30 ಡಿಗ್ರಿ. ಏಪ್ರಿಲ್ ತಿಂಗಳ ರಾಯಚೂರಿನಲ್ಲೋ ಕಲಬುರ್ಗಿಯಲ್ಲೋ ಕೋಣೆಯೇ 40 ಡಿಗ್ರಿ ಇದ್ದರೆ ಹೊರಬರುವ ಗಾಳಿ 70 ಡಿಗ್ರಿ. ತಂಪು ಊರೆಂದು ಬೆಂಗಳೂರಿನವರು ಪೂರ್ತಿ ನಿಶ್ಚಿಂತರಾಗುವಂತಿಲ್ಲ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಆ ಊರಿನ ಗಾಳಿ ಮಂಗಳೂರಿನ ಗಾಳಿಗಿಂತ ಹತ್ತರಲ್ಲಿ ಒಂದು ಪಾಲಿನಷ್ಟು ತೆಳು. ಅಷ್ಟೇ ಬಿಸಿಯನ್ನು ಒಯ್ಯಲು ಅಷ್ಟು ಹೆಚ್ಚು ಗಾಳಿ ಬೇಕು.

ಬಿಸಿ ಏರಿದರೆ ಗಣಕ ಸುಟ್ಟುಹೋಗುತ್ತದೆಯೆ? ಸಾಮಾನ್ಯವಾಗಿ ಇಲ್ಲ. ಚಿಪ್ಪು 90ರಿಂದ 100 ಡಿಗ್ರಿಯ ಹತ್ತಿರ ಬಂದಾಗ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ನಷ್ಟವಾಗುವುದು ಇಲ್ಲಿಯೇ. ಹೆಚ್ಚು ಬೆಲೆ ಕೊಟ್ಟು ತಂದ ಕಾರ್ಡು ಉಸಿರುಗಟ್ಟಿ, ಕಡಿಮೆ ಬೆಲೆಯ ಕಾರ್ಡಿನಷ್ಟೇ ಕೆಲಸ ಮಾಡುತ್ತದೆ. ಮಾರುವವನ ರಸೀತಿಯಲ್ಲಿ ಈ ನಷ್ಟ ಕಾಣುವುದಿಲ್ಲ.

ದೊಡ್ಡ ಕಂಪನಿಯ ದುಬಾರಿ ಪಾಠ

ಬಿಸಿ ಮಾಡುವ ಇನ್ನೊಂದು ಹಾನಿ ನಿಧಾನವಾದದ್ದು. ಕಾದ ವಸ್ತು ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ಬೇರೆ ಬೇರೆ ವಸ್ತುಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವುದರಿಂದ ಅವುಗಳ ನಡುವಿನ ಬೆಸುಗೆ ಪ್ರತಿ ಸಲವೂ ಜಗ್ಗಾಡುತ್ತದೆ. ಮೈಕ್ರೋಸಾಫ್ಟ್ ಕಂಪನಿ 2005ರಲ್ಲಿ ಮಾರುಕಟ್ಟೆಗೆ ತಂದ ಎಕ್ಸ್‌ಬಾಕ್ಸ್ 360 ಎಂಬ ಆಟದ ಯಂತ್ರದಲ್ಲಿ ಹೀಗೆಯೇ ಆಯಿತು. ಕಾಯುವ, ಆರುವ ಚಕ್ರದಲ್ಲಿ ಒಳಗಿನ ಸೂಕ್ಷ್ಮ ಸಂಪರ್ಕಗಳು ಬಿರುಕುಬಿಟ್ಟು, ಯಂತ್ರದ ಮುಖದ ಮೇಲೆ ಕೆಂಪು ದೀಪಗಳು ಉರಿದು ಅದು ನಿಂತುಬಿಡುತ್ತಿತ್ತು. 2007ರ ಜುಲೈನಲ್ಲಿ ಕಂಪನಿ ಈ ದೋಷಕ್ಕೆ ಮೂರು ವರ್ಷಗಳ ಗ್ಯಾರಂಟಿ ಘೋಷಿಸಿ, ಅದಕ್ಕಾಗಿ ನೂರು ಕೋಟಿ ಡಾಲರಿಗೂ ಹೆಚ್ಚು ಹಣ ತೆಗೆದಿರಿಸಬೇಕಾಯಿತು. ಅಷ್ಟು ದೊಡ್ಡ ಸಂಸ್ಥೆಯೇ ಎಡವಿದ ಜಾಗ ಇದು. ಮನೆಯಲ್ಲಿ ಜೋಡಿಸುವವರು ಮೊದಲೇ ಎಚ್ಚರವಹಿಸುವುದು ಒಳ್ಳೆಯದು.

ಬಿಸಿ ಸಾಗುವ ದಾರಿ

ಕೆಲವೇ ಚದರ ಸೆಂಟಿಮೀಟರಿನ ಚಿಪ್ಪಿನಿಂದ ಗಾಳಿಯವರೆಗೆ ಬಿಸಿ ಸಾಗುವ ದಾರಿಯೂ ಒಂದು ಪಾಠವೇ. ಚಿಪ್ಪಿನ ಮೇಲೆ ಕೂರುವ ತಾಮ್ರದ ತಳ ಎಷ್ಟೇ ನಯವಾಗಿದ್ದರೂ ನಡುವೆ ಕಣ್ಣಿಗೆ ಕಾಣದ ಸಂದುಗಳಿರುತ್ತವೆ. ಅವುಗಳಲ್ಲಿ ಉಳಿಯುವ ಗಾಳಿ ತಾಮ್ರಕ್ಕಿಂತ ಸುಮಾರು ಹದಿನೈದು ಸಾವಿರ ಪಟ್ಟು ಕೆಟ್ಟ ಉಷ್ಣವಾಹಕ. ಆ ಸಂದುಗಳನ್ನು ತುಂಬಲೆಂದೇ ಒಂದು ಬಗೆಯ ಪೇಸ್ಟನ್ನು ಹಚ್ಚುತ್ತಾರೆ. ಬಟಾಣಿ ಕಾಳಿನಷ್ಟು ಸಾಕು.

ಅಲ್ಲಿಂದ ಬಿಸಿಯನ್ನು ಒಯ್ಯುವುದು ಶಾಖನಳಿಗೆಗಳು. ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ 1963ರಲ್ಲಿ ಇವುಗಳ ಕೆಲಸವನ್ನು ಪ್ರಯೋಗದಿಂದ ತೋರಿಸಿದರು. ಗಣಕದ ಶಾಖನಳಿಗೆ ಮುಚ್ಚಿದ ತಾಮ್ರದ ಕೊಳವೆ. ಒಳಗೆ ತುಸು ನೀರು, ಬಹಳ ಕಡಿಮೆ ಒತ್ತಡ. ಒತ್ತಡ ಕಡಿಮೆಯಾದ್ದರಿಂದ ನೀರು ಕಡಿಮೆ ತಾಪದಲ್ಲೇ ಆವಿಯಾಗುತ್ತದೆ. ಆವಿ ಕೊಳವೆಯ ತಣ್ಣನೆಯ ತುದಿಗೆ ಹೋಗಿ ಮತ್ತೆ ನೀರಾಗುತ್ತದೆ. ಒಳಗೋಡೆಯ ಸೂಕ್ಷ್ಮ ರಂಧ್ರಗಳು ದೀಪದ ಬತ್ತಿ ಎಣ್ಣೆ ಎಳೆಯುವಂತೆ ಆ ನೀರನ್ನು ಹಿಂದಕ್ಕೆ ಎಳೆಯುತ್ತವೆ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಕಾಯಿಸಲು 4.2 ಜೂಲ್ ಸಾಕು. ಆವಿಯಾಗಿಸಲು 2,200 ಜೂಲಿಗೂ ಹೆಚ್ಚು ಬೇಕು. ಈ ಗುಪ್ತೋಷ್ಣದ ಬಲದಿಂದಲೇ ತೆಳ್ಳನೆಯ ಕೊಳವೆಯೊಂದು ಇಷ್ಟು ಬಿಸಿಯನ್ನು ಹೊರುತ್ತದೆ. ಕೊನೆಗೆ ಸಾಲುಸಾಲು ಅಲ್ಯುಮಿನಿಯಂ ರೆಕ್ಕೆಗಳು ಮೇಲ್ಮೈ ವಿಸ್ತೀರ್ಣವನ್ನು ಹೆಚ್ಚಿಸಿ ಬಿಸಿಯನ್ನು ಗಾಳಿಗೆ ಬಿಡುತ್ತವೆ.

ಫ್ಯಾನಿನ ಆಯ್ಕೆಯಲ್ಲೂ ಲೆಕ್ಕವಿದೆ. ಒಂದೇ ಫ್ಯಾನಿನ ವೇಗ ಅರ್ಧವಾದರೆ ಗಾಳಿ ಅರ್ಧವಾಗುತ್ತದೆ, ಆದರೆ ಅದು ಬಳಸುವ ವಿದ್ಯುತ್ತು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಸದ್ದೂ ಬಹಳ ತಗ್ಗುತ್ತದೆ. ಆದ್ದರಿಂದ ಭರದಿಂದ ತಿರುಗುವ ಚಿಕ್ಕ ಫ್ಯಾನಿಗಿಂತ ನಿಧಾನವಾಗಿ ತಿರುಗುವ ದೊಡ್ಡ ಫ್ಯಾನು ಮೇಲು. ಪೆಟ್ಟಿಗೆ ಆರಿಸುವಾಗ ಇದಕ್ಕೆ ಜಾಗವಿದೆಯೇ ಎಂದು ಮೊದಲು ನೋಡಬೇಕು.

ಖರ್ಚಿಲ್ಲದ ಉಪಾಯ

ಬಿಸಿಯನ್ನು ಹೊರಹಾಕುವುದಕ್ಕಿಂತ ಬಿಸಿ ಹುಟ್ಟುವುದನ್ನೇ ಕಡಿಮೆ ಮಾಡುವುದು ಜಾಣತನ. ಚಿಪ್ಪು ಬಳಸುವ ವಿದ್ಯುತ್ತಿನ ಬಹುಪಾಲು ವೋಲ್ಟೇಜಿನ ವರ್ಗಕ್ಕೂ ಆವೃತ್ತಿಗೂ ಅನುಪಾತದಲ್ಲಿರುತ್ತದೆ. ಆವೃತ್ತಿಯನ್ನು ಹಾಗೆಯೇ ಉಳಿಸಿ ವೋಲ್ಟೇಜನ್ನು ನೂರಕ್ಕೆ ಹತ್ತರಷ್ಟು ಇಳಿಸಿದರೆ, 0.9ರ ವರ್ಗ 0.81; ಅಂದರೆ ಈ ಪಾಲಿನ ಬಿಸಿ ನೂರಕ್ಕೆ ಹತ್ತೊಂಬತ್ತರಷ್ಟು ಇಳಿಯುತ್ತದೆ. ಇದಕ್ಕೆ ಬೇಕಾದ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಸ್ವಲ್ಪ ಸ್ವಲ್ಪವೇ ಇಳಿಸುತ್ತ ಪರೀಕ್ಷಿಸಬೇಕು. ಅತಿಯಾದರೆ ಗಣಕ ಮಧ್ಯದಲ್ಲೇ ನಿಂತುಹೋಗುತ್ತದೆ, ಆಗ ಒಂದು ಮೆಟ್ಟಿಲು ಮೇಲಕ್ಕೆ ಬಂದರಾಯಿತು. ವೋಲ್ಟೇಜನ್ನು ಏರಿಸುವ ಪ್ರಯೋಗ ಮಾತ್ರ ಬೇಡ.

ಪಾಲಕರು ಕೇಳಬೇಕಾದ ಪ್ರಶ್ನೆಗಳು

ಮೊದಲ ಪ್ರಶ್ನೆ: ಪರದೆ ಯಾವುದು? 1920 ಅಡ್ಡ, 1080 ಉದ್ದದ ಪರದೆಯಲ್ಲಿ ಸುಮಾರು 21 ಲಕ್ಷ ಚುಕ್ಕೆಗಳಿವೆ. 4ಕೆ ಎನ್ನುವ ಪರದೆಯಲ್ಲಿ ಅದರ ನಾಲ್ಕು ಪಟ್ಟು. ಮನೆಯಲ್ಲಿರುವುದು ಮೊದಲ ಬಗೆಯದಾದರೆ 2023ರ ಆರ್‌ಟಿಎಕ್ಸ್ 4060ರಂಥ 115 ವಾಟಿನ ಕಾರ್ಡೇ ಬಹುತೇಕ ಆಟಗಳಿಗೆ ಸಾಕು. ಆಗ ಪೆಟ್ಟಿಗೆಯ ಒಟ್ಟು ಬಿಸಿಯೂ ಬಹಳಷ್ಟು ಇಳಿಯುತ್ತದೆ.

ಎರಡನೆಯದು: ಚಿಕ್ಕ ಪೆಟ್ಟಿಗೆ ನಿಜಕ್ಕೂ ಬೇಕೇ? ಅಷ್ಟೇ ಬಲಕ್ಕೆ ಚಿಕ್ಕ ಫಲಕ, ಚಿಕ್ಕ ವಿದ್ಯುತ್ ಘಟಕಗಳಿಗೆ ಸಾಮಾನ್ಯವಾಗಿ ಹೆಚ್ಚು ಬೆಲೆ. ಜೋಡಿಸುವುದೂ ಕಷ್ಟ. ಒಂದೇ ಕೋಣೆಯ ಮನೆಗೆ, ಹಾಸ್ಟೆಲಿಗೆ, ಆಗಾಗ ಊರು ಬದಲಿಸುವವರಿಗೆ ಅದು ಸರಿ. ಮೇಜಿನ ಕೆಳಗೆ ಜಾಗವಿದ್ದವರಿಗೆ ದೊಡ್ಡ ಡಬ್ಬವೇ ಅಗ್ಗ, ತಂಪು, ಮೌನ.

ಮೂರನೆಯದು: ಬಿಲ್ಲು ಎಷ್ಟು? 450 ವಾಟಿನ ಗಣಕವನ್ನು ದಿನಕ್ಕೆ ಮೂರು ಗಂಟೆ ಪೂರ್ಣ ಬಲದಲ್ಲಿ ಓಡಿಸಿದರೆ ತಿಂಗಳಿಗೆ ಸುಮಾರು 40 ಯೂನಿಟ್. ಕೋಣೆಗೆ ಸೇರುವ ಬಿಸಿ ನಾಲ್ಕೈದು ಜನ ಒಟ್ಟಿಗೆ ಕುಳಿತಷ್ಟು. ಕಿಟಕಿ ತೆರೆದಿಡಬೇಕು.

ಕೊನೆಯದು ಸುರಕ್ಷತೆ. ವಿದ್ಯುತ್ ಘಟಕದ ಡಬ್ಬಿಯನ್ನು ಯಾವ ಕಾರಣಕ್ಕೂ ಬಿಚ್ಚಬಾರದು. ಪ್ಲಗ್ಗು ತೆಗೆದ ಮೇಲೂ ಅದರೊಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು. ಗೋಡೆಯ ಸಾಕೆಟ್ಟಿನ ಅರ್ತಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಕೈಲಿ ನೋಡಿಸಬೇಕು. ಕಾರ್ಡಿಗೆ ಹೋಗುವ 12 ವೋಲ್ಟಿನ ಕೇಬಲು ಗಟ್ಟಿಯಾಗಿ ಕೂತಿರಬೇಕು. 240 ವಾಟ್ ಎಂದರೆ ಅದರಲ್ಲಿ 20 ಆಂಪಿಯರ್ ಹರಿಯುತ್ತದೆ. ಸಡಿಲವಾದ ಕನೆಕ್ಟರು ಕರಗಿದ ಪ್ರಸಂಗಗಳು 2022ರಲ್ಲಿ ವರದಿಯಾಗಿವೆ. ಚಿಕ್ಕ ಪೆಟ್ಟಿಗೆಯ ಮುಚ್ಚಳ ಕೇಬಲನ್ನು ಒತ್ತಿ ಬಾಗಿಸುವ ಸಂಭವ ಹೆಚ್ಚು.

ಮಾಡಿ ನೋಡಿ

ಹಣ ಕೇಳುವ ಮೊದಲು ವಿದ್ಯಾರ್ಥಿಗಳು ಒಂದು ಮಾದರಿ ಮಾಡಲಿ. ಆರಿಸಿದ ಪೆಟ್ಟಿಗೆಯ ಒಳ ಅಳತೆಯನ್ನು ತಿಳಿದು ಹಳೆಯ ರಟ್ಟಿನಿಂದ ಅಷ್ಟೇ ಗಾತ್ರದ ಡಬ್ಬ ಕಟ್ಟಬೇಕು. 17 ಸೆಂಟಿಮೀಟರ್ ಚೌಕದ ರಟ್ಟು ಫಲಕವಾಗುತ್ತದೆ. ಥರ್ಮಾಕೋಲಿನಲ್ಲಿ 12.5, 10 ಮತ್ತು 6.35 ಸೆಂಟಿಮೀಟರ್ ಅಳತೆಯ ತುಂಡು ಎಸ್‌ಎಫ್‌ಎಕ್ಸ್ ವಿದ್ಯುತ್ ಘಟಕವಾಗುತ್ತದೆ. ಕಾರ್ಡಿನ ಉದ್ದ, ಎತ್ತರ, ದಪ್ಪಗಳನ್ನು ತಯಾರಕರ ವಿವರಣೆಯಿಂದ ತೆಗೆದುಕೊಂಡು ಇನ್ನೊಂದು ತುಂಡು ಕತ್ತರಿಸಬೇಕು. ಎಲ್ಲವನ್ನೂ ಒಳಗಿಟ್ಟು, ತಣ್ಣನೆಯ ಗಾಳಿ ಬರುವ ದಾರಿಗೆ ನೀಲಿ ಬಾಣ, ಬಿಸಿ ಗಾಳಿ ಹೋಗುವ ದಾರಿಗೆ ಕೆಂಪು ಬಾಣ ಬರೆಯಬೇಕು. ಕೆಂಪು ಬಾಣ ಗೋಡೆಗೆ ಬಡಿದು ನೀಲಿ ಬಾಣದೊಳಗೆ ಮರಳುತ್ತಿದ್ದರೆ ಪೆಟ್ಟಿಗೆಯನ್ನೋ, ಅದನ್ನಿಡುವ ಜಾಗವನ್ನೋ ಬದಲಿಸಬೇಕು.

ಜೊತೆಗೆ ಒಂದು ಹಾಳೆಯಲ್ಲಿ ಪ್ರತಿ ಭಾಗದ ವಾಟ್, ಒಟ್ಟು ವಾಟ್, ಬೇಕಾದ ಗಾಳಿ, ತಿಂಗಳ ಯೂನಿಟ್ ಮತ್ತು ಬೆಲೆಯನ್ನು ಬರೆದು ಮನೆಯವರ ಮುಂದಿಡಲಿ. ತಂದೆ ತಾಯಿಯರೂ ಆ ಹಾಳೆಯನ್ನು ಪೂರ್ತಿ ಓದಿ, ತಿಳಿಯದ್ದನ್ನು ಮಕ್ಕಳಿಂದಲೇ ಕೇಳಿ ತಿಳಿದು, ಆಮೇಲೆ ಹೂಂ ಅಥವಾ ಉಹೂಂ ಹೇಳಲಿ.