ನೆರೆ ಇಳಿದ ಮೇಲೆ ಬರುವ ಜ್ವರಕ್ಕೆ ಯಾರ ದುಡ್ಡು?



ನೆರೆ ಬಂದಾಗ ಸರ್ಕಾರವೂ ಬರುತ್ತದೆ. ಇಲ್ಲ ಅನ್ನುವ ಹಾಗಿಲ್ಲ. ಜೀಪು ಬರುತ್ತೆ, ದೋಣಿ ಬರುತ್ತೆ, ಮಂತ್ರಿಗಳು ಪಂಚೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಲ್ಲಿ ನಿಂತು ಫೋಟೋ ತೆಗೆಸಿಕೊಳ್ತಾರೆ, ಶಾಲೆಯಲ್ಲಿ ಗಂಜಿ ಕೇಂದ್ರ ತೆರೆಯುತ್ತೆ. ಆಮೇಲೆ ನೀರು ಇಳಿಯುತ್ತದೆ, ಗಂಜಿ ಕೇಂದ್ರಕ್ಕೆ ಬೀಗ ಬೀಳುತ್ತದೆ. ಜ್ವರ ಶುರುವಾಗೋದು ಅದಾದ ಮೇಲೆ. ಆಗ ನಿಮ್ಮ ಮನೆ ಬಾಗಿಲಿಗೆ ತಪ್ಪದೆ ಬರೋನು ಯಾರು? ಸಂಘದ ಕಂತು ವಸೂಲಿ ಮಾಡೋನು.

2019ರ ಆಗಸ್ಟ್ ನೆನಪು ಮಾಡಿಕೊಳ್ಳಿ. ವಯನಾಡಿನಲ್ಲಿ ಸುರಿದದ್ದು ಕಬಿನಿಗೆ ಬಂತು, ಕೊಡಗಿನಲ್ಲಿ ಸುರಿದದ್ದು ಕಾವೇರಿಗೂ ಲಕ್ಷ್ಮಣತೀರ್ಥಕ್ಕೂ ಬಂತು. ಬೀಚನಹಳ್ಳಿ ಅಣೆಕಟ್ಟೆಯಿಂದ ಲಕ್ಷ ಕ್ಯೂಸೆಕ್ಸ್ ಮೀರಿ ನೀರು ಬಿಟ್ಟರು. ನಂಜನಗೂಡಿನ ರಸ್ತೆ ಮುಳುಗಿತು, ಲಕ್ಷ್ಮಣತೀರ್ಥ ಹುಣಸೂರು ಪಟ್ಟಣದೊಳಕ್ಕೇ ನುಗ್ಗಿತು. ಆಗಸ್ಟ್ ಅಂದರೆ ನಮಗೆ ಎಂಥ ತಿಂಗಳು ಅನ್ನೋದು ನಿಮಗೆ ಹೇಳಬೇಕಾಗಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೋಟೆ ಕಡೆ ಹೊಗೆಸೊಪ್ಪು ಕಿತ್ತು, ಕಡ್ಡಿಗೆ ಕಟ್ಟಿ, ಬ್ಯಾರನ್‌ಗೆ ಏರಿಸೋ ಕಾಲ. ಕೆ.ಆರ್. ನಗರ, ಸಾಲಿಗ್ರಾಮ, ಹೊಸ ಅಗ್ರಹಾರದ ಕಡೆ ಗದ್ದೆ ನಾಟಿ. ಎಲ್ಲ ಕಡೆಯೂ ಹೆಂಗಸರು ಗಂಡಸರು ಬರಿಗಾಲಲ್ಲಿ ಕೆಸರು ತುಳೀತಿರ್ತಾರೆ.

ಇಲಿ ಉಚ್ಚೆ ಬೆರೆತ ನೆರೆ ನೀರು ಕಾಲಿನ ಒಡಕಿನಿಂದ ಒಳಗೆ ಸೇರಿದರೆ ಬರೋದೇ ಇಲಿ ಜ್ವರ. ನೀರು ತುಳಿದ ದಿನ ಅದು ಕಾಣಿಸಿಕೊಳ್ಳೋದಿಲ್ಲ. ಸಾಮಾನ್ಯವಾಗಿ ಐದು ದಿನದಿಂದ ಎರಡು ವಾರ ಬಿಟ್ಟು ಬರುತ್ತೆ, ಕೆಲವರಿಗೆ ತಿಂಗಳೇ ಆಗಬಹುದು. ನಿಂತ ನೀರಲ್ಲಿ ಸೊಳ್ಳೆ ಮರಿಯಾಗಿ ಡೆಂಗ್ಯೂ ಹರಡೋದಕ್ಕೂ ವಾರಗಳು ಬೇಕು. ಕೊಳಚೆ ನುಗ್ಗಿದ ಬಾವಿ, ಬೋರ್‌ವೆಲ್‌ನಿಂದ ವಾಂತಿಭೇದಿ. 2018ರಲ್ಲಿ ಕೇರಳದಲ್ಲಿ ಆದದ್ದೂ ಇದೇ. ನೀರು ಇಳಿದ ಮೇಲೆ, ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಇಲಿ ಜ್ವರ ಜನರನ್ನು ತಿಂತು. ಅಲ್ಲಿನ ಆರೋಗ್ಯ ಇಲಾಖೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಊರೂರಿಗೆ ಹಂಚಬೇಕಾಯಿತು. ಅಗ್ಗದ ಮಾತ್ರೆ ಅದು. ಅಗ್ಗದ್ದಾದರೂ ಹಂಚೋದಕ್ಕೆ ಊರಲ್ಲಿ ಯಾರಾದರೂ ಇರಬೇಕಲ್ಲ.

ಈಗ ಸರ್ಕಾರದ ಕಡತಕ್ಕೆ ಬನ್ನಿ. ವಿಪತ್ತು ಪರಿಹಾರ ನಿಧಿಯಿಂದ ಯಾವುದಕ್ಕೆ ಎಷ್ಟು ಕೊಡಬೇಕು ಅಂತ ಕೇಂದ್ರ ಸರ್ಕಾರ ದರಪಟ್ಟಿ ಮಾಡಿಟ್ಟಿದೆ. 2019ರ ನೆರೆಗೆ ಅನ್ವಯವಾದದ್ದು 2015ರಿಂದ 2020ರವರೆಗಿನ ಪಟ್ಟಿ. ಅದರಲ್ಲಿ ಸತ್ತರೆ 4 ಲಕ್ಷ. ಭಾರೀ ಗಾಯವಾಗಿ ವಾರಕ್ಕಿಂತ ಹೆಚ್ಚು ಆಸ್ಪತ್ರೆಯಲ್ಲಿದ್ದರೆ 12,700 ರೂಪಾಯಿ, ವಾರಕ್ಕಿಂತ ಕಡಿಮೆ ಇದ್ದರೆ 4,300. ಓದುವಾಗ ಸ್ವಲ್ಪ ನಿಲ್ಲಿ. ಗಾಯ ಅಂತಿದೆ. ಗೋಡೆ ಬಿದ್ದು ಕಾಲು ಮುರಿದರೆ ನೀವು ನೆರೆ ಸಂತ್ರಸ್ತರು. ಅದೇ ಗೋಡೆಯ ಕೆಸರು ತೆಗೆಯೋಕೆ ಹೋಗಿ ಇಲಿ ಜ್ವರ ಹತ್ತಿ, ಮೂತ್ರಪಿಂಡ ಕೆಟ್ಟು ಹದಿನೈದು ದಿನ ಮೈಸೂರಲ್ಲಿ ಮಲಗಿದರೆ ನೀವು ಬರೀ ರೋಗಿ. ಸರ್ವೆಗೆ ಬಂದವರ ಕಾಗದದಲ್ಲಿ ಮನೆಗೆ ಕಾಲಂ ಇದೆ, ಬೆಳೆಗೆ ಇದೆ, ದನಕ್ಕೆ ಇದೆ. ಜ್ವರಕ್ಕಿಲ್ಲ.

ದನದ ಮಾತು ಬಂತು ನೋಡಿ. ಅದೇ ಪಟ್ಟಿಯಲ್ಲಿ ದನದ ಶಿಬಿರದಲ್ಲಿ ದೊಡ್ಡ ರಾಸಿಗೆ ದಿನಕ್ಕೆ 70 ರೂಪಾಯಿ. ಊಟಕ್ಕೆ ಗತಿಯಿಲ್ಲದ ವಯಸ್ಕ ಮನುಷ್ಯನಿಗೆ 60, ಮಗುವಿಗೆ 45. ರಾಸಿಗೆ ಹೆಚ್ಚಾಯಿತು ಅಂತ ನಾವು ಹೊಟ್ಟೆ ಉರಿದುಕೊಳ್ತಿಲ್ಲ. ಅದಕ್ಕೂ 70 ಸಾಲದು ಅನ್ನೋದು ಹುಲ್ಲು ಕೊಂಡವರಿಗೆ ಗೊತ್ತು. ನೆರೆಯಲ್ಲಿ ಕೆಟ್ಟ ಪ್ರಾಥಮಿಕ ಆರೋಗ್ಯ ಕೇಂದ್ರದ ದುರಸ್ತಿಗೆ ಗರಿಷ್ಠ ಒಂದೂವರೆ ಲಕ್ಷ. ಪಂಚಾಯ್ತಿ ಕಚೇರಿ ದುರಸ್ತಿಗೆ ಎರಡು ಲಕ್ಷ! ಹೆರಿಗೆ ಕೋಣೆಗಿಂತ ಮೀಟಿಂಗ್ ಹಾಲು ದುಬಾರಿ. 2022ರಲ್ಲಿ ದರ ಪರಿಷ್ಕರಿಸಿದರು. ಗಾಯದ ದುಡ್ಡು 16,000 ಮತ್ತು 5,400 ಆಯಿತು. ಜ್ವರ ಮಾತ್ರ ಆಗಲೂ ಪಟ್ಟಿಯೊಳಗೆ ಬರಲಿಲ್ಲ.

ನ್ಯಾಯವಾಗಿ ಹೇಳಬೇಕಾದರೆ, ಸಾಂಕ್ರಾಮಿಕ ತಡೆಯೋದಕ್ಕೆ ಔಷಧಿ, ಸೋಂಕುನಿವಾರಕ, ಕೀಟನಾಶಕ ಕೊಳ್ಳಲು ಪಟ್ಟಿಯಲ್ಲಿ ಅವಕಾಶ ಇದೆ. ಆದರೆ ಬ್ಲೀಚಿಂಗ್ ಪುಡಿ ಚೆಲ್ಲಿ ಬಿಲ್ಲು ಬರೆದರೆ ಆ ಬಾಬ್ತು ಮುಗೀತು. ಆರು ತಿಂಗಳು ಒಬ್ಬ ಹೆಚ್ಚುವರಿ ಡಾಕ್ಟರು, ಒಂದು ರಕ್ತ ಪರೀಕ್ಷೆಯ ವ್ಯವಸ್ಥೆ, ಹಾಡಿ ಹಾಡಿಗೆ ಹೋಗೋ ಒಂದು ಗಾಡಿ, ಇವಕ್ಕೆ ದುಡ್ಡು ಎಲ್ಲಿಂದ?

ಕೊಟ್ಟದ್ದಾದರೂ ಯಾವಾಗ ಕೊಟ್ಟರು? 2019ರಲ್ಲಿ ರಾಜ್ಯದ 22 ಜಿಲ್ಲೆ, 103 ತಾಲ್ಲೂಕು ನೆರೆಪೀಡಿತ ಅಂತ ಘೋಷಣೆಯಾಯಿತು. ನಷ್ಟ 35 ಸಾವಿರ ಕೋಟಿಗೂ ಮಿಕ್ಕಿ ಅಂತ ರಾಜ್ಯ ಲೆಕ್ಕ ಕೊಟ್ಟಿತು. ಅಕ್ಟೋಬರ್‌ನಲ್ಲಿ ಮಧ್ಯಂತರವಾಗಿ 1,200 ಕೋಟಿ ಬಂತು. ಕೇಂದ್ರದ ಉನ್ನತ ಸಮಿತಿ ಕರ್ನಾಟಕಕ್ಕೆ 1,869.85 ಕೋಟಿ ಒಪ್ಪಿದ್ದು 2020ರ ಜನವರಿಯಲ್ಲಿ. ಆಗಸ್ಟಿನ ಜ್ವರ ಜನವರಿವರೆಗೆ ಕಾಯುತ್ತಾ? ಜ್ವರ ಬಂದೋನು ಅಷ್ಟರಲ್ಲಿ ಎದ್ದಿರ್ತಾನೆ, ಇಲ್ಲಾ ಹೋಗಿರ್ತಾನೆ. ಸಾಲ ಮಾತ್ರ ಉಳಿದಿರುತ್ತೆ.

ಆ ಸಾಲದ ಲೆಕ್ಕ ನೋಡೋಣ. ಕೇಂದ್ರ ಸರ್ಕಾರದ್ದೇ ಆದ 75ನೇ ರಾಷ್ಟ್ರೀಯ ಮಾದರಿ ಸಮೀಕ್ಷೆ, 2017-18ರದ್ದು, ಹೇಳೋ ಪ್ರಕಾರ ಹಳ್ಳಿಯವರು ಸರ್ಕಾರಿ ಆಸ್ಪತ್ರೆಗೆ ಒಂದು ಸಲ ದಾಖಲಾದರೆ ಸರಾಸರಿ ಖರ್ಚು 4,290 ರೂಪಾಯಿ, ಖಾಸಗಿಗೆ ಸೇರಿದರೆ 27,347. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ, ಡಾಕ್ಟರು ಇಲ್ಲದಂತೆ ಮಾಡಿದರೆ ನಡುವಿನ 23 ಸಾವಿರ ಬೀಳೋದು ನಿಮ್ಮ ತಲೆ ಮೇಲೆ. ಬೆಳೆ ಕೊಚ್ಚಿಹೋದ ವರ್ಷದಲ್ಲಿ ಅದನ್ನು ಎಲ್ಲಿಂದ ತರ್ತೀರಿ? ಹರಾಜು ಮಾರುಕಟ್ಟೆ ಶುರುವಾಗುವ ಮುಂಚೆಯೇ ಸೊಪ್ಪಿನ ಮೇಲೆ ಕೈಸಾಲ, ಹೆಂಡತಿ ಓಲೆ ಗಿರವಿ, ಮೈಕ್ರೋಫೈನಾನ್ಸ್ ಕಂತು. ಕಂತಿನ ಕಿರುಕುಳ ತಡೆಯೋಕೆ ಅಂತ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂತು. ಒಳ್ಳೇದೇ. ಜನ ಆ ಸಾಲಕ್ಕೆ ಕೈ ಯಾಕೆ ಒಡ್ಡಿದರು ಅಂತ ಆ ಕಾಗದ ಕೇಳೋದಿಲ್ಲ.

ವಿಮೆ ಇದೆಯಲ್ಲ ಅಂತೀರಿ. ಸಹಕಾರಿ ರೈತರಿಗೆ ಅಂತ 2003ರಲ್ಲಿ ಯಶಸ್ವಿನಿ ಬಂತು, ಮುಖ್ಯವಾಗಿ ಶಸ್ತ್ರಚಿಕಿತ್ಸೆಗೆ. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದೊಳಗೆ ಸೇರಿಸಿ ನಿಲ್ಲಿಸಿದರು. ಎರಡು ನೆರೆ ಕಳೆದ ಮೇಲೆ, 2022ರ ಕೊನೆಗೆ ಮತ್ತೆ ಜೀವ ಕೊಟ್ಟರು. ಆಯುಷ್ಮಾನ್ ಕಾರ್ಡಿನಲ್ಲಿ ಬಡ ಕುಟುಂಬಕ್ಕೆ 5 ಲಕ್ಷ ಅಂತಾರೆ. ಹೊರರೋಗಿಯಾಗಿ ಚೀಟಿ ಬರೆಸಿ, ರಕ್ತ ಪರೀಕ್ಷೆ ಮಾಡಿಸಿ, ಅಂಗಡಿಯಲ್ಲಿ ಮಾತ್ರೆ ಕೊಂಡು, ಹತ್ತು ದಿನದ ಕೂಲಿ ಕಳಕೊಂಡರೆ ಆ ಕಾರ್ಡು ಒಂದು ಕಾಸೂ ಕೊಡೋದಿಲ್ಲ. ಬ್ಯಾಂಕಿನವರೂ ಅಷ್ಟೇ: ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಬೆಳೆ ಸಾಲದ ಅವಧಿ ವಿಸ್ತರಿಸೋಕೆ ಶೇಕಡ 33 ಬೆಳೆ ಹೋಗಿರಬೇಕು. ಬೆಳೆ ಉಳಿದು, ಕೊಯ್ಯಬೇಕಾದೋನು ಮಲಗಿದ್ದರೆ?

ಇದು ನಮ್ಮ ದೇಶದ ಕಾಯಿಲೆ ಮಾತ್ರ ಅಲ್ಲ. ಅಮೆರಿಕದ ಆಡಳಿತದಲ್ಲಿರೋ ಪೋರ್ಟೊ ರಿಕೊ ದ್ವೀಪಕ್ಕೆ 2017ರ ಸೆಪ್ಟೆಂಬರ್‌ನಲ್ಲಿ ಮರಿಯಾ ಚಂಡಮಾರುತ ಬಡಿಯಿತು. ಸತ್ತವರು 64 ಅಂತ ಸರ್ಕಾರ ಲೆಕ್ಕ ಹೇಳಿತು. ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಮುಂದಿನ ತಿಂಗಳುಗಳ ಸಾವನ್ನೂ ಸೇರಿಸಿ ನೋಡಿದಾಗ 2,975 ಅಂತ ಬಂತು. ಸರ್ಕಾರ 2018ರ ಆಗಸ್ಟ್‌ನಲ್ಲಿ ಅದನ್ನೇ ಒಪ್ಪಿಕೊಂಡಿತು. ಗಾಳಿ ನಿಂತ ಮೇಲೆ ಕರೆಂಟಿಲ್ಲದೆ, ಔಷಧಿಯಿಲ್ಲದೆ, ಆಸ್ಪತ್ರೆ ತಲುಪದೆ ಹೋದ ಜೀವಗಳು ಅವು. ಡಾಲರಿನ ದೇಶದಲ್ಲೇ ಹೀಗಾದರೆ ನಮ್ಮ ಹಾಡಿಗಳಲ್ಲಿ ಎಣಿಸೋರು ಯಾರು?

ದುಡ್ಡಿಲ್ಲ ಅನ್ನೋ ಮಾತು ನಂಬಬೇಡಿ. 2021ರಿಂದ 2026ರವರೆಗೆ ರಾಜ್ಯಗಳ ವಿಪತ್ತು ನಿರ್ವಹಣೆಗೆ 15ನೇ ಹಣಕಾಸು ಆಯೋಗ ಹೇಳಿದ ಮೊತ್ತ 1,60,153 ಕೋಟಿ. ಅದರಲ್ಲಿ ಶೇಕಡ 30 ಪುನಶ್ಚೇತನಕ್ಕೆ ಮತ್ತು ಪುನರ್ನಿರ್ಮಾಣಕ್ಕೆ ಅಂತಲೇ ಬೇರೆ ತೆಗೆದಿಟ್ಟಿತು. ಆ ಭಾಗ ಖರ್ಚು ಮಾಡೋ ಮಾರ್ಗಸೂಚಿ ದಿಲ್ಲಿಯಿಂದ ಹೊರಟದ್ದು 2024ರಲ್ಲಿ, ಐದು ವರ್ಷದಲ್ಲಿ ಮೂರು ವರ್ಷ ಕಳೆದ ಮೇಲೆ. ಅದೇ ಆಯೋಗ ಸ್ಥಳೀಯ ಸಂಸ್ಥೆಗಳ ಮೂಲಕ ಆರೋಗ್ಯಕ್ಕೆ 70,051 ಕೋಟಿ ಕೊಡಿ ಅಂದಿತ್ತು. ಅಂದರೆ ಪಂಚಾಯ್ತಿ ಮಟ್ಟಕ್ಕೆ ಆರೋಗ್ಯದ ದುಡ್ಡು ಇಳಿಸೋ ದಾರಿ ಇದೆ, ನೆರೆಗೂ ಅದನ್ನೇ ತೆರೆಯಲಿ.

ಆದ್ದರಿಂದ ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿ. ನೆರೆ ಸರ್ವೆಯ ನಮೂನೆಯಲ್ಲಿ ಕಾಯಿಲೆಗೊಂದು ಕಾಲಂ ಬೇಕು, ನೀರು ಇಳಿದು ಮೂರು ತಿಂಗಳವರೆಗೆ ಅದು ತೆರೆದಿರಬೇಕು ಅಂತ ಕೇಳಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಆರು ತಿಂಗಳ ಹೆಚ್ಚುವರಿ ಸಿಬ್ಬಂದಿಯ ದುಡ್ಡು ವಿಪತ್ತು ನಿಧಿಯಿಂದಲೇ ಬರಬೇಕು ಅನ್ನಿ. ಮನೆಯಲ್ಲಿ ದುಡಿಯೋರು ಆಸ್ಪತ್ರೆ ಸೇರಿದ್ದರೆ ಬೆಳೆ ಸಾಲದ ಕಂತು ಮುಂದಕ್ಕೆ ಹಾಕಬೇಕು ಅಂತಲೂ ಸೇರಿಸಿ. ಬಾಯಿಮಾತಿನ ಭರವಸೆ ಬೇಡ, ಠರಾವು ಪುಸ್ತಕದಲ್ಲಿ ಬರೆಸಿ, ನಕಲು ಈಸಿಕೊಂಡು ತಹಶೀಲ್ದಾರ್ ಕಚೇರಿಗೂ ತಾಲ್ಲೂಕು ಆರೋಗ್ಯಾಧಿಕಾರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಈ ಕೆಲಸ ಕಬಿನಿ ತುಂಬೋದಕ್ಕೆ ಮೊದಲೇ, ಜೂನ್ ಒಳಗೇ ಆಗಲಿ.